ಬಾಯಿ ಪರೀಕ್ಷೆ ಆಯಿತು, ಇನ್ನು ಬೀಡಿಯ ಮಾತು

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಮದುವೆಗೆ ಮುಂಚಿನಿಂದಲೂ ಬೀಡಿ ಸೇದುತ್ತಾರೆ, ದಿನಕ್ಕೆ ಒಂದು ಕಟ್ಟು. ಹೋದ ತಿಂಗಳು ಊರಲ್ಲಿ ಕ್ಯಾನ್ಸರ್ ತಪಾಸಣಾ ಶಿಬಿರ ನಡೆದಾಗ ಆಶಾ ಕಾರ್ಯಕರ್ತೆ ಬಿಡದೆ ಕರೆದುಕೊಂಡು ಹೋದರು. ಬಾಯಿ ನೋಡಿ ‘ಏನೂ ತೊಂದರೆ ಇಲ್ಲ’ ಎಂದು ಬರೆದುಕೊಟ್ಟರು. ಈಗ ಬೀಡಿ ಬಿಡಿ ಎಂದರೆ ಆ ಚೀಟಿ ತೋರಿಸುತ್ತಾರೆ. ‘ಇಷ್ಟು ವರ್ಷ ಸೇದಿದ್ದಕ್ಕೇ ಏನೂ ಆಗಿಲ್ಲ, ಈಗ ಬಿಟ್ಟು ಏನು ಬಂತು?’ ಅನ್ನುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮುತ್ತಾರೆ, ಅದು ಹಳೆಯದು. ಪರೀಕ್ಷೆಗೆ ಕಳಿಸಿದ್ದೇ ತಪ್ಪಾಯಿತೇನೋ ಅನಿಸುತ್ತಿದೆ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಪ್ಪಾಗಿಲ್ಲ ತಾಯಿ, ಒಳ್ಳೆಯದೇ ಆಗಿದೆ. ಬಾಯಿಯನ್ನು ಕಣ್ಣಿಂದ ನೋಡುವಷ್ಟಕ್ಕೇ ಜೀವ ಉಳಿಯುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದು ನಮ್ಮ ಪಕ್ಕದ ಕೇರಳ. ಡಾ. ರಂಗಸ್ವಾಮಿ ಶಂಕರನಾರಾಯಣನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳನ್ನು ಆರಿಸಿಕೊಂಡರು. ಏಳರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು, ಉಳಿದ ಆರರಲ್ಲಿ ಎಂದಿನ ವೈದ್ಯಕೀಯ ವ್ಯವಸ್ಥೆಯೇ ಇತ್ತು. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಪರೀಕ್ಷೆ ನಡೆದ ಕಡೆ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಕಡಿಮೆ. ನಿಮ್ಮ ಆಶಾ ಕಾರ್ಯಕರ್ತೆಯ ಹಟಕ್ಕೆ ಇಷ್ಟು ಬೆಲೆಯಿದೆ. ನಾನಾಗಿದ್ದರೆ ಅವರ ಮನೆಗೇ ಹೋಗಿ ಕೃತಜ್ಞತೆ ಹೇಳಿ ಬರುತ್ತಿದ್ದೆ.

ಆದರೆ ಆ ಚೀಟಿಯ ಅರ್ಥ ನಿಮ್ಮ ಯಜಮಾನರು ಓದಿಕೊಂಡಂತಿಲ್ಲ. ಆವತ್ತು ಬಾಯೊಳಗೆ ಕಣ್ಣಿಗೆ ಬೀಳುವಂಥ ಬಿಳಿ ಮಚ್ಚೆ, ಕೆಂಪು ಮಚ್ಚೆ, ಮಾಯದ ಹುಣ್ಣು, ಗಂಟು ಇರಲಿಲ್ಲ. ಅದು ಹೇಳುವುದು ಅಷ್ಟೇ. ಬೀಡಿಯ ಹೊಗೆ ಬಾಯಲ್ಲಿ ನಿಲ್ಲುವುದಿಲ್ಲ. ಗಂಟಲು, ಶ್ವಾಸಕೋಶ, ಹೃದಯ, ರಕ್ತನಾಳ ಎಲ್ಲವನ್ನೂ ಮುಟ್ಟುತ್ತದೆ. ಅವನ್ನು ಆ ಶಿಬಿರದಲ್ಲಿ ಯಾರೂ ನೋಡಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲೂ 30 ದಾಟಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ಮತ್ತೆ ನೋಡಬೇಕೆಂದೇ ಇದೆ.

ನೀವು ಒಂದೇ ಮಾತಲ್ಲಿ ಹೇಳಿ ಮುಗಿಸಿದ ಆ ಕೆಮ್ಮು ನನ್ನನ್ನು ಹೆಚ್ಚು ಕಾಡುತ್ತಿದೆ. ಬೀಡಿ ಸೇದುವವರಿಗೆ ಕೆಮ್ಮು ಇದ್ದದ್ದೇ ಎಂದು ಮನೆಯವರೆಲ್ಲ ಅದಕ್ಕೆ ಒಗ್ಗಿಹೋಗಿರುತ್ತಾರೆ. ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಕಫ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಬೇಕೇ ಎಂದು ಕೇಳಿ. ಕ್ಷಯವಿರಬಹುದು, ಶ್ವಾಸನಾಳ ಸವೆದಿರಬಹುದು. ಕಫದಲ್ಲಿ ರಕ್ತ ಕಂಡರೆ, ಧ್ವನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ತೂಕ ಇಳಿಯುತ್ತಿದ್ದರೆ ಜಿಲ್ಲಾ ಆಸ್ಪತ್ರೆಗೇ ನಡೆಯಿರಿ. ಇನ್ನೊಂದು ಶಿಬಿರ ಬರಲಿ ಎಂದು ಕಾಯಬೇಡಿ.

ಈಗ ‘ಬಿಟ್ಟು ಏನು ಬಂತು’ ಎಂಬ ಪ್ರಶ್ನೆ. ಇದಕ್ಕೆ ಸಂಶೋಧಕ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಉತ್ತರವಿದೆ. ಬ್ರಿಟನ್ನಿನ ವೈದ್ಯರ ಧೂಮಪಾನದ ಅಭ್ಯಾಸವನ್ನು ಅವರು 1951ರಿಂದ ಐವತ್ತು ವರ್ಷ ಹಿಂಬಾಲಿಸಿದರು. ಸಿಗರೇಟು ಬಿಡದೆ ಸೇದಿದ ಪುರುಷರು ಸರಾಸರಿ ಹತ್ತು ವರ್ಷ ಮುಂಚೆ ತೀರಿಕೊಂಡರು. ಐವತ್ತರ ಹೊತ್ತಿಗೆ ಬಿಟ್ಟವರು ಸುಮಾರು ಆರು ವರ್ಷ, ಅರವತ್ತರಲ್ಲಿ ಬಿಟ್ಟವರೂ ಸುಮಾರು ಮೂರು ವರ್ಷ ಗಳಿಸಿಕೊಂಡರು. ಬೀಡಿಯ ಲೆಕ್ಕ ಅಂಕಿಗೆ ಅಂಕಿ ಹಾಗೆಯೇ ಇರದಿರಬಹುದು, ದಿಕ್ಕು ಮಾತ್ರ ಅದೇ. 52 ತಡವಾದ ವಯಸ್ಸಲ್ಲ.

ಹೇಗೆ ಬಿಡಿಸುವುದು? ಜಗಳ ಬೇಡ, ಕಟ್ಟು ಬಚ್ಚಿಡುವುದೂ ಬೇಡ. ಅವರ ಜೇಬಿನಲ್ಲಿರುವ ಬೀಡಿ ಕಟ್ಟಿನ ಮೇಲೇ 1800-11-2356 ಎಂಬ ಉಚಿತ ಸಂಖ್ಯೆ ಅಚ್ಚಾಗಿರಬೇಕು, ನೋಡಿ. ತಂಬಾಕು ಬಿಡುವವರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು. ಫೋನು ಹಚ್ಚಿ ನೀವೇ ಅವರ ಕೈಗೆ ಕೊಡಿ. ಬಿಡುವ ದಿನವನ್ನು ಅವರೇ ಗೊತ್ತುಮಾಡಲಿ. ಮೊದಲ ಎರಡು ಮೂರು ದಿನ ಕಷ್ಟ: ಸಿಡುಕು, ನಿದ್ದೆಗೇಡು, ಎದೆಯಲ್ಲಿ ತಳಮಳ. ಅದು ನಿಕೋಟಿನ್ ಕೇಳುವ ದೇಹದ ಕೋಪ, ನಿಮ್ಮ ಮೇಲಿನದಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಸೇದಬೇಕೆಂಬ ಒತ್ತಡ ಒಮ್ಮೆ ಬಂದರೆ ಕೆಲವು ನಿಮಿಷಕ್ಕೆ ತಗ್ಗುತ್ತದೆ. ಆ ನಿಮಿಷಗಳಲ್ಲಿ ನೀರು ಕುಡಿಯಲಿ, ಹಿತ್ತಲಿಗೆ ಒಂದು ಸುತ್ತು ಹೋಗಿಬರಲಿ. ಚಹಾದ ಜೊತೆ ಬೀಡಿ ಹಚ್ಚುವ ರೂಢಿಯಿದ್ದರೆ ಕೆಲವು ದಿನ ಚಹಾದ ಹೊತ್ತನ್ನೇ ಬದಲಿಸಿ. ನಿಕೋಟಿನ್ ಚ್ಯೂಯಿಂಗ್ ಗಮ್ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ಎಡೆಬಿಡದೆ ಅಗಿಯಬಾರದು. ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಬೀಡಿ ಬಿಟ್ಟು ಗುಟ್ಕಾ, ಎಲೆ-ಹೊಗೆಸೊಪ್ಪು ಹಿಡಿಯದಂತೆ ಕಣ್ಣಿಡಿ, ಬಾಯಿಗೆ ಅದೇ ದೊಡ್ಡ ಶತ್ರು.

ನಡುವೆ ಒಂದು ದಿನ ಜಾತ್ರೆಯಲ್ಲೋ ಮದುವೆಮನೆಯಲ್ಲೋ ಮತ್ತೆ ಒಂದು ಬೀಡಿ ಸೇದಿಬಿಡಬಹುದು. ಬಹಳ ಜನ ಎರಡು ಮೂರು ಸಲ ಎಡವಿದ ಮೇಲೇ ಪೂರ್ತಿ ಬಿಟ್ಟಿದ್ದಾರೆ. ಆವತ್ತು ಬೈಯಬೇಡಿ, ಮರುದಿನ ಬೆಳಿಗ್ಗೆ ಅದೇ ಸಂಖ್ಯೆಗೆ ಮತ್ತೆ ಫೋನು ಮಾಡಿಸಿ.