ಕತ್ತರಿಸಿದ ಹುಲ್ಲು ಕಸ ಅಲ್ಲ, ಗೊಬ್ಬರ

ಕ್ಯಾಂಪಸ್ ಅಂದ್ಮೇಲೆ ಒಂದು ಲಾನ್ ಇದ್ದೇ ಇರುತ್ತೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹುಲ್ಲು ಕತ್ತರಿಸುತ್ತಾರೆ, ಗುಡಿಸಿ ಚೀಲಕ್ಕೆ ತುಂಬಿ ಹೊರಗೆ ಸಾಗಿಸುತ್ತಾರೆ. ಕೆಲವು ಕಡೆ ಮೂಲೆಯಲ್ಲಿ ರಾಶಿ ಹಾಕಿ ಬೆಂಕಿ ಇಡೋದೂ ಉಂಟು. ಆಮೇಲೆ ಲಾನ್ ಹಳದಿಯಾಯ್ತು ಅಂತ ಯೂರಿಯಾ ತಂದು ಎರಚುತ್ತಾರೆ. ನಾವು ಓದುವ ಮಾಸ್ ಬ್ಯಾಲೆನ್ಸನ್ನ ಇಲ್ಲಿಗೆ ಹಾಕಿ ನೋಡೋಣ ಬನ್ನಿ.

ಲೆಕ್ಕ ಏನು ಹೇಳುತ್ತೆ?

ಆಗತಾನೇ ಕತ್ತರಿಸಿದ ಹುಲ್ಲಿನಲ್ಲಿ ಸುಮಾರು 80% ನೀರು. ಉಳಿದ ಒಣ ಭಾಗದಲ್ಲಿ, ಚೆನ್ನಾಗಿ ಬೆಳೆದ ಲಾನ್ ಆದರೆ, ಹೆಚ್ಚುಕಡಿಮೆ 4% ಸಾರಜನಕ ಇರುತ್ತೆ. ಜೊತೆಗೆ ಪೊಟ್ಯಾಸಿಯಂ, ಸ್ವಲ್ಪ ರಂಜಕ. ಅಂದರೆ 100 ಕೆ.ಜಿ. ಹಸಿ ಹುಲ್ಲಿನಲ್ಲಿ ಒಣ ಭಾಗ 20 ಕೆ.ಜಿ., ಅದರಲ್ಲಿ ಸಾರಜನಕ 0.8 ಕೆ.ಜಿ. ಯೂರಿಯಾದಲ್ಲಿ ಇರೋದು 46% ಸಾರಜನಕ. ಹಾಗಾಗಿ 100 ಕೆ.ಜಿ. ಹುಲ್ಲು ಹೊರಗೆ ಹೋದರೆ ಸುಮಾರು 1.7 ಕೆ.ಜಿ. ಯೂರಿಯಾದಷ್ಟು ಸಾರಜನಕ ಗೇಟ್ ದಾಟಿದ ಹಾಗೆ.

ಆ ಯೂರಿಯಾಗೆ ಬೇಕಾದ ಅಮೋನಿಯಾ ತಯಾರಾಗೋದು ಹೇಬರ್-ಬಾಶ್ ವಿಧಾನದಲ್ಲಿ: ಸುಮಾರು 400–500 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಕ್ಕೂ ಹೆಚ್ಚು ಪಟ್ಟು ವಾಯುಭಾರದ ಒತ್ತಡ, ಹೈಡ್ರೋಜನ್‌ಗಾಗಿ ನೈಸರ್ಗಿಕ ಅನಿಲ. ಇಷ್ಟೆಲ್ಲ ಖರ್ಚಾಗಿ ಬಂದ ಸಾರಜನಕವನ್ನ ಹುಲ್ಲು ಹೀರಿಕೊಂಡ ಮೇಲೆ ನಾವೇ ಅದನ್ನ ಚೀಲಕ್ಕೆ ತುಂಬಿ ಕಳಿಸ್ತೀವಿ.

ಅಲ್ಲೇ ಬಿಟ್ಟರೆ ಏನಾಗುತ್ತೆ?

ಎಳೆ ಹುಲ್ಲಿನಲ್ಲಿ ಕಾರ್ಬನ್-ಸಾರಜನಕದ ಅನುಪಾತ ಸುಮಾರು 20:1 ಅಥವಾ ಅದಕ್ಕಿಂತ ಕಡಿಮೆ. ಇಷ್ಟು ಕಡಿಮೆ ಇದ್ದರೆ ಮಣ್ಣಿನ ಸೂಕ್ಷ್ಮಜೀವಿಗಳು ಬೇಗ ಕೊಳೆಸಿ, ತಮಗೆ ಬೇಕಾದಷ್ಟು ಇಟ್ಟುಕೊಂಡು, ಮಿಕ್ಕ ಸಾರಜನಕವನ್ನ ಬೇರಿಗೆ ಬಿಟ್ಟುಕೊಡುತ್ತವೆ. ಲಾನ್‌ಗೆ ವರ್ಷಕ್ಕೆ ಬೇಕಾದ ಗೊಬ್ಬರದಲ್ಲಿ ಕಾಲು ಭಾಗದವರೆಗೂ ಇದರಿಂದಲೇ ಸಿಗಬಹುದು ಅನ್ನೋದು ಹುಲ್ಲುಹಾಸಿನ ತಜ್ಞರ ಸಾಮಾನ್ಯ ಅಂದಾಜು. ಪೂರ್ತಿ ಗೊಬ್ಬರ ನಿಲ್ಲಿಸಬಹುದು ಅಂತಲ್ಲ, ಕಡಿಮೆ ಮಾಡಬಹುದು.

"ಹುಲ್ಲು ಬಿಟ್ಟರೆ ಬುಡದಲ್ಲಿ ಜೊಂಡು ಕಟ್ಟಿಕೊಳ್ಳುತ್ತೆ" ಅಂತ ಕೆಲವರು ಹೇಳ್ತಾರೆ. ಬುಡದಲ್ಲಿ ಗಟ್ಟಿಯಾಗಿ ಕಟ್ಟೋ ಆ ಪದರ ಮುಖ್ಯವಾಗಿ ಲಿಗ್ನಿನ್ ಜಾಸ್ತಿ ಇರೋ ಬೇರು, ಕಾಂಡಗಳಿಂದ ಆಗೋದು. ಎಲೆಯ ಸಣ್ಣ ತುಂಡುಗಳು ಅದಕ್ಕೂ ಮೊದಲೇ ಕರಗಿಹೋಗುತ್ತವೆ.

ಮಾಡೋದು ಹೇಗೆ?

1. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. 4 ಸೆಂ.ಮೀ. ಎತ್ತರ ಬೇಕಾದರೆ 6 ಸೆಂ.ಮೀ. ಆದಾಗಲೇ ಕತ್ತರಿಸಿ. ಮಳೆಗಾಲದಲ್ಲಿ ಗರಿಕೆ ಬೇಗ ಬೆಳೆಯೋದರಿಂದ ಪದೇ ಪದೇ ಕತ್ತರಿಸಬೇಕಾಗುತ್ತೆ.
2. ಹುಲ್ಲು ಒಣಗಿರುವಾಗ, ಹರಿತವಾದ ಬ್ಲೇಡ್‌ನಿಂದ ಕತ್ತರಿಸಿ. ಒದ್ದೆ ಹುಲ್ಲು ಮುದ್ದೆಯಾಗಿ ಬಿದ್ದು ಕೆಳಗಿನ ಹುಲ್ಲಿಗೆ ಬಿಸಿಲು ತಪ್ಪಿಸುತ್ತೆ.
3. ಮುದ್ದೆ ಕಂಡರೆ ಕುಂಟೆಯಲ್ಲಿ ಹರಡಿ.
4. ರೋಗ ಬಂದ ಅಥವಾ ಬೀಜ ಕಟ್ಟಿದ ಕಳೆ ಇರೋ ಜಾಗದ ಹುಲ್ಲನ್ನ ಬಿಡಬೇಡಿ, ತೆಗೆಯಿರಿ.
5. ಕಾಲುದಾರಿ, ಚರಂಡಿ ಮೇಲೆ ಬಿದ್ದಿದ್ದನ್ನ ಗುಡಿಸಿ ಲಾನ್‌ಗೇ ಹಾಕಿ. ಚರಂಡಿಗೆ ಹೋದರೆ ಆ ಪೋಷಕಾಂಶ ಕೆರೆಗೆ ಸೇರಿ ಪಾಚಿ ಬೆಳೆಸುತ್ತೆ.

ರಜೆ ಮುಗಿಸಿ ಬರೋಷ್ಟರಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದ್ದರೆ? ಆಗ ಅಲ್ಲೇ ಬಿಡೋಕಾಗಲ್ಲ, ಕಾಂಪೋಸ್ಟ್ ಮಾಡಿ. ಹಸಿ ಹುಲ್ಲನ್ನ ಮಾತ್ರ ರಾಶಿ ಹಾಕಿದರೆ ಗಾಳಿಯಾಡದೆ ಅಮೋನಿಯಾ ನಾತ ಬರುತ್ತೆ. ಕ್ಯಾಂಪಸ್ ಮರಗಳ ಒಣ ಎಲೆ ಬೆರೆಸಿ, ಆಗಾಗ ಮಗುಚಿ ಹಾಕಿ. ಸುಡೋದಂತೂ ಬೇಡವೇ ಬೇಡ. ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಕಸ ಸುಡಬಾರದು ಅಂತ ಇದೆ. ಸುಟ್ಟರೆ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತೆ, ಹೊಗೆ ನಮ್ಮ ಕ್ಲಾಸಿನೊಳಗೇ ಬರುತ್ತೆ.

ನೀವೇ ಮಾಡಿ ನೋಡಿ

ಗಾರ್ಡನ್ ನೋಡಿಕೊಳ್ಳೋ ಅಣ್ಣಂದಿರ ಹತ್ತಿರ ಮಾತಾಡಿ, ಒಂದೇ ಥರ ಬಿಸಿಲು, ನೀರು ಸಿಗೋ ಎರಡು ತುಂಡು ಜಾಗ ಗುರುತು ಮಾಡಿ. ಒಂದರಲ್ಲಿ ಹುಲ್ಲು ಬಿಡಿ, ಇನ್ನೊಂದರಲ್ಲಿ ತೆಗೆಯಿರಿ. ಎರಡಕ್ಕೂ ಗೊಬ್ಬರ ಬೇಡ. ಸೆಮಿಸ್ಟರ್ ಪೂರ್ತಿ ವಾರಕ್ಕೊಂದು ಫೋಟೊ, ಪ್ರತಿ ಸಲ ಕತ್ತರಿಸಿದ ಹುಲ್ಲಿನ ತೂಕ ಬರೆದಿಡಿ. ತೂಗಿದ ಮೇಲೆ ಮೊದಲ ಜಾಗದ ಹುಲ್ಲನ್ನ ಅಲ್ಲೇ ಹರಡೋದು ಮರೀಬೇಡಿ. ಆ ಅಂಕಿಅಂಶ ಕೈಯಲ್ಲಿ ಹಿಡಿದು ಹೋಗಿ ಕೇಳಿದರೆ, ಮುಂದಿನ ಯೂರಿಯಾ ಮೂಟೆ ತರಿಸೋ ಮುಂಚೆ ಆಫೀಸಿನವರೂ ಒಮ್ಮೆ ಯೋಚಿಸ್ತಾರೆ.