ಕಣ್ಣಿನ ಭ್ರಮೆಯೂ ಎಫ್‌ಎಂಆರ್‌ಐ ಚಿತ್ರಣವೂ

ಒಂದೇ ಅಳತೆಯ ಎರಡು ವೃತ್ತ ಬರೆಯಿರಿ. ಒಂದರ ಸುತ್ತ ದೊಡ್ಡ ವೃತ್ತಗಳನ್ನೂ ಇನ್ನೊಂದರ ಸುತ್ತ ಪುಟ್ಟ ವೃತ್ತಗಳನ್ನೂ ಹಾಕಿ. ಪುಟ್ಟವುಗಳ ನಡುವಿನದೇ ದೊಡ್ಡದಾಗಿ ಕಾಣುತ್ತದೆ. ಸ್ಕೇಲ್ ಇಟ್ಟು ಅಳೆದ ಮೇಲೂ ಹಾಗೆಯೇ ಕಾಣುತ್ತದೆ! ಇದು ಎಬಿಂಗ್‌ಹೌಸ್ ಭ್ರಮೆ. ಹರ್ಮನ್ ಎಬಿಂಗ್‌ಹೌಸ್ (1850–1909) ಜರ್ಮನ್ ಮನೋವಿಜ್ಞಾನಿ.

ತಪ್ಪುವುದು ಕಣ್ಣೋ ಮಿದುಳೋ? ಉತ್ತರ ಹುಡುಕಲು ನೆರವಾದದ್ದು ಎಂಆರ್‌ಐ ಸ್ಕ್ಯಾನ್‌ನ ಒಂದು ವಿಧವಾದ ಎಫ್‌ಎಂಆರ್‌ಐ. ಮಿದುಳಿನ ಯಾವ ಭಾಗ ಚುರುಕಾಗುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ಗೂ ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗೂ ಕಾಂತೀಯ ಗುಣ ಬೇರೆ. ಸ್ಕ್ಯಾನರ್ ಹಿಡಿಯುವುದು ಈ ವ್ಯತ್ಯಾಸವನ್ನು. ಇದೇ ಬೋಲ್ಡ್ ಸಂಕೇತ (1990ರಲ್ಲಿ ಇದನ್ನು ವಿವರಿಸಿದವರು ಸೀಜಿ ಒಗಾವ). ಎಕ್ಸ್-ರೇ ಬಳಕೆಯಿಲ್ಲ, ಇದನ್ನು ಮರೆಯಬೇಡಿ. ಇದಕ್ಕೆ ಬುನಾದಿಯಾದ ಎಂಆರ್‌ಐಗಾಗಿ 2003ರ ವೈದ್ಯಕೀಯ ನೊಬೆಲ್ ಪಡೆದವರು ಪಾಲ್ ಲಾಟರ್‌ಬರ್, ಪೀಟರ್ ಮ್ಯಾನ್ಸ್‌ಫೀಲ್ಡ್.

ಪ್ರಾಥಮಿಕ ದೃಷ್ಟಿ ಕವಚ, ಅಂದರೆ ವಿ1, ಇರುವುದು ತಲೆಯ ಹಿಂಭಾಗದ ಆಕ್ಸಿಪಿಟಲ್ ಹಾಲೆಯಲ್ಲಿ. ಅಕ್ಷಿಪಟಲದ ಬಿಂಬ ಇಲ್ಲಿ ನಕ್ಷೆಯಂತೆ ಮೂಡುತ್ತದೆ. 2006ರಲ್ಲಿ ಸ್ಕಾಟ್ ಮರ್ರೆ ಮತ್ತು ಸಂಗಡಿಗರು ಓಣಿಯಂಥ ಚಿತ್ರದಲ್ಲಿ ಸಮಗಾತ್ರದ ಎರಡು ಗೋಲಗಳನ್ನು, ಒಂದು ಹತ್ತಿರ, ಒಂದು ದೂರ ಎನ್ನುವಂತೆ, ನೋಡುಗರಿಗೆ ತೋರಿಸಿ ಎಫ್‌ಎಂಆರ್‌ಐ ಮಾಡಿದರು. ದೂರದ್ದು ದೊಡ್ಡದೆನಿಸಿತು, ವಿ1ರಲ್ಲೂ ಅದು ಹೆಚ್ಚು ಜಾಗವನ್ನು ಚುರುಕುಗೊಳಿಸಿತ್ತು. ಅಕ್ಷಿಪಟಲದ ಮೇಲೆ ಎರಡರ ಬಿಂಬವೂ ಒಂದೇ ಅಳತೆಯದಾಗಿತ್ತು ಎಂಬುದೇ ಇಲ್ಲಿನ ಸೋಜಿಗ.

2011ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ (ಶ್ವಾರ್ಜ್‌ಕಾಫ್, ಸಾಂಗ್, ರೀಸ್) 30 ಮಂದಿಯ ವಿ1 ಅಳೆಯಿತು. ಅದರ ವಿಸ್ತೀರ್ಣ ಚಿಕ್ಕದಿದ್ದವರಿಗೆ ಎಬಿಂಗ್‌ಹೌಸ್ ಭ್ರಮೆ ಹೆಚ್ಚು ಗಾಢವಾಗಿ ಕಂಡಿತ್ತು.