ಶಿವಾರಪಟ್ಟಣದ ಮಕ್ಕಳಿಗೆ, ವಿಶ್ವಸಾಹಿತ್ಯ ಓದುವ ಮುಂಚೆ

ಪಿಯುಸಿ ಮುಗಿಸಿ ಮುಂದೇನು ಅಂತ ಕೇಳಿಕೊಂಡು ಬರುವ ನಮ್ಮೂರ ಮಕ್ಕಳಲ್ಲಿ ಒಬ್ಬರಾದರೂ ದನಿ ತಗ್ಗಿಸಿ ಹೇಳುತ್ತಾರೆ: "ಮೇಷ್ಟ್ರೇ, ನನಗೆ ಸಾಹಿತ್ಯ, ಕಲೆ ಓದಬೇಕು ಅಂತಿದೆ. ಬೇರೆ ದೇಶದ್ದೂ ಓದಬೇಕು. ಮನೇಲಿ ಹೇಳೋಕೆ ಭಯ."

ಓದಿ ಮಕ್ಕಳೇ. ಆದರೆ ಕಲ್ಲು ಕೆತ್ತುವವರ ಈ ಊರಲ್ಲಿ ನಿಮ್ಮ ಕಣ್ಣು, ಕಿವಿ, ಕೈ ಕಲಿತದ್ದನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ನಾನು ಹೇಳಬೇಕಾದದ್ದೆಲ್ಲ ಇದೇ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ವಿಶ್ವಸಾಹಿತ್ಯ ನಮ್ಮಂಥ ಹಳ್ಳಿಯವರಿಗಲ್ಲ ಅನ್ನುವ ಅಳುಕನ್ನು ಮೊದಲು ತೆಗೆದುಹಾಕಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ನಮ್ಮ ಮಾಲೂರು ತಾಲ್ಲೂಕಿನವರೇ. 1891ರಲ್ಲಿ ಹೊಂಗೇನಹಳ್ಳಿಯಲ್ಲಿ ಹುಟ್ಟಿ, ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಸರ್ಕಾರಿ ಅಧಿಕಾರಿಯಾಗಿ ದುಡಿಯುತ್ತಲೇ ಕನ್ನಡದ ಸಣ್ಣಕಥೆಯನ್ನು ಕಟ್ಟಿದವರು. ಅವರ 'ಕವಿಯ ಕೊನೆಯ ದಿನ' ಓದಿದ್ದೀರಾ? ಜರ್ಮನಿಯ ಗಯಟೆ ಮಹಾಕವಿಯ ಕೊನೆಯ ದಿನದ ಕಥೆ ಅದು. ವಿಶ್ವಸಾಹಿತ್ಯದ ಕಾಲ ಬಂದಿದೆ ಎಂದು 1827ರಲ್ಲಿ ಹೇಳಿದವನು ಈ ಗಯಟೆಯೇ. ಅವನು ಮನಸಾರೆ ಮೆಚ್ಚಿದ ಕೃತಿಗಳಲ್ಲಿ ಕಾಳಿದಾಸನ ಶಾಕುಂತಲವೂ ಒಂದು. 1789ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಅದನ್ನು ಇಂಗ್ಲಿಷಿಗೆ ತಂದ, ಎರಡು ವರ್ಷದ ನಂತರ ಫೋರ್ಸ್ಟರ್ ಜರ್ಮನ್ನಿಗೆ ತಂದ, ಗಯಟೆ ಓದಿದ. ಆ ಗಯಟೆಯ ಮನೆಯೊಳಕ್ಕೆ ನಮ್ಮ ಮಾಸ್ತಿ ಕನ್ನಡ ಹಿಡಿದುಕೊಂಡು ಹೋದರು. ಟಾಲ್‌ಸ್ಟಾಯ್ ಮೇಲೂ ಕಥೆ ಬರೆದರು, ಷೇಕ್ಸ್‌ಪಿಯರನ ನಾಟಕಗಳನ್ನು ಕನ್ನಡಕ್ಕೆ ತಂದರು. ಅಷ್ಟೆಲ್ಲ ಓದಿಯೂ ಹೆಸರಿನ ಮುಂದಿನ ಮಾಸ್ತಿಯನ್ನು ಬಿಡಲಿಲ್ಲ.

ಈಗ ನಿಮ್ಮ ವಿಷಯ. ಲಾರಿಯಿಂದ ಇಳಿಸಿದ ಕಲ್ಲನ್ನು ಹಿರಿಯರು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕಿವಿಗೊಡುವುದನ್ನು ನೀವು ಎಳೆವಯಸ್ಸಿನಿಂದ ನೋಡಿದ್ದೀರಿ. ಗಂಟೆಯ ಹಾಗೆ ನಾದ ಬಂದರೆ ಮೂರ್ತಿಗೆ ಆಗುವ ಕಲ್ಲು. ದನಿ ಸತ್ತಂತಿದ್ದರೆ ಒಳಗೆಲ್ಲೋ ಬಿರುಕಿದೆ, ಪಕ್ಕಕ್ಕಿಡು. ಆಮೇಲೆ ನಡುಮಧ್ಯೆ ಸೂತ್ರ ಹೊಡೆದು ಅಳತೆ ಗುರುತು ಹಾಕುತ್ತಾರೆ. ಮುಖದ ಉದ್ದ ಒಂದು ತಾಳ, ತಾಳಕ್ಕೆ 12 ಅಂಗುಲ. ನವತಾಳವಾದರೆ 108 ಅಂಗುಲ. ಶಿವ, ವಿಷ್ಣುವಿನಂಥ ಪ್ರಧಾನ ದೇವರಿಗೆ ಉತ್ತಮ ದಶತಾಳ, 124 ಅಂಗುಲ. ನಿಮಗೆ ಇದು ಮಗ್ಗಿಯಷ್ಟೇ ಸಲೀಸು.

ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಕಲೆಯ ಪಾಠಕ್ಕೆ ಕೂತಾಗ ಪಾಲಿಕ್ಲೈಟಸ್ ಎಂಬ ಹೆಸರು ಬರುತ್ತದೆ. ಕ್ರಿಸ್ತಪೂರ್ವ 5ನೆಯ ಶತಮಾನದ ಶಿಲ್ಪಿ. ದೇಹದ ಅಂಗ ಅಂಗಕ್ಕೂ ಇರಬೇಕಾದ ಪ್ರಮಾಣದ ಮೇಲೆ ಒಂದು ಗ್ರಂಥ ಬರೆದ. ಆ ಗ್ರಂಥ ಕಳೆದುಹೋಗಿದೆ. ಭರ್ಜಿ ಹಿಡಿದ ಯುವಕನ ಅವನ ಕಂಚಿನ ಪ್ರತಿಮೆಯೂ ಹೋಗಿ, ರೋಮನ್ನರು ಅಮೃತಶಿಲೆಯಲ್ಲಿ ಮಾಡಿಕೊಂಡ ನಕಲುಗಳು ಉಳಿದಿವೆ. ಆ ನಕಲುಗಳನ್ನೇ ಅಳೆದಳೆದು ಪಂಡಿತರು ಅವನ ಲೆಕ್ಕ ಹುಡುಕಿದ್ದಾರೆ. ನಮ್ಮಲ್ಲಿ ಮಾನಸಾರ, ಮಯಮತ, ಕಾಶ್ಯಪಶಿಲ್ಪ ಉಳಿದಿವೆ. ಲೆಕ್ಕ ಬಲ್ಲ ಕೈಯೂ ಉಳಿದಿದೆ. ಅಂಥ ತರಗತಿಯಲ್ಲಿ ನೀವು ಹಿಂದಿನ ಬೆಂಚಿಗೆ ಯಾಕೆ ಹೋಗಬೇಕು? ಎದ್ದು ನಿಂತು ತಾಳಮಾನ ವಿವರಿಸಿ. ಪಾಠ ಮಾಡುವವರಿಗೂ ಅದು ಬೇಕು. ಹಾಸ್ಟೆಲಿನಲ್ಲಿ "ಅಪ್ಪ ಏನು ಮಾಡ್ತಾರೆ" ಅಂದಾಗ "ಬಿಸಿನೆಸ್" ಅಂತ ಹೇಳಿ ಜಾರಿಕೊಂಡ ಮಕ್ಕಳನ್ನು ನಾನು ಬಲ್ಲೆ. ನನಗೆ ನಿಜಕ್ಕೂ ನೋವಾಗುತ್ತದೆ. ಶಿಲ್ಪಿ ಅನ್ನಿ. ಕಲ್ಲು ಕೆತ್ತುತ್ತಾರೆ ಅನ್ನಿ.

ಜಪಾನಿನ ಶಿಕೋಕು ದ್ವೀಪದಲ್ಲಿ ಮುರೆ ಅಂತ ಒಂದು ಊರಿದೆ. ನಮ್ಮೂರಿನ ಥರವೇ ಕಲ್ಲುಕೆಲಸದವರ ಊರು. ಇಸಾಮು ನೊಗುಚಿ ಎಂಬ ದೊಡ್ಡ ಶಿಲ್ಪಿ, ತಂದೆ ಜಪಾನಿ ಕವಿ, ತಾಯಿ ಅಮೆರಿಕದವರು; 1927ರಲ್ಲಿ ಪ್ಯಾರಿಸಿನಲ್ಲಿ ಶಿಲ್ಪಿ ಬ್ರಾಂಕೂಸಿಯ ಕೈಕೆಳಗೆ ಕೆಲಸ ಕಲಿತವರು. ಜಗತ್ತೆಲ್ಲ ಸುತ್ತಿದ ಮೇಲೆ 1969ರಲ್ಲಿ ಅವರು ಬಂದು ಕಾರ್ಯಾಗಾರ ಹೂಡಿದ್ದು ಆ ಮುರೆಯಲ್ಲಿ. ಅಲ್ಲಿಯ ಕಲ್ಲುಕೆಲಸದ ಮನೆತನದ ಮಸಾತೋಶಿ ಇಜುಮಿ ಅವರ ಜೊತೆಗೂಡಿ ವರ್ಷಾನುಗಟ್ಟಲೆ ದುಡಿದರು. ನ್ಯೂಯಾರ್ಕಿನ ಕಲಾವಿದ ನೊಗುಚಿಗೆ ಇಜುಮಿಯ ಕೈ ಬೇಕಾಯಿತು. ಇಂದು ಆ ಕಾರ್ಯಾಗಾರವೇ ಮ್ಯೂಸಿಯಂ. ನಮ್ಮೂರಿಗೂ ಅಂಥದ್ದು ಬರಬೇಕಾದರೆ ಇಲ್ಲಿಯ ಕೆಲಸವನ್ನು ಲೋಕದ ಭಾಷೆಯಲ್ಲಿ ಬರೆದು ಹೇಳುವವರು ಬೇಕು. ಆ ಕೆಲಸ ನಿಮ್ಮದು.

ನೋಡುವುದನ್ನು ಇಲ್ಲಿಂದಲೇ ಶುರುಮಾಡಿ. ಆವಣಿ, ಕುರುಡುಮಲೆ, ಕೋಲಾರದ ಸೋಮೇಶ್ವರ, ಕೋಲಾರಮ್ಮ, ಇಷ್ಟು ದೇವಸ್ಥಾನಗಳನ್ನೂ ಕಾಲೇಜಿಗೆ ಸೇರುವ ಮುಂಚೆ ಅಳತೆಪಟ್ಟಿ, ನೋಟ್‌ಬುಕ್ ಹಿಡಿದು ನೋಡಿ. ಫೋಟೊ ತೆಗೆಯಬೇಡಿ, ಬರೆದುಕೊಳ್ಳಿ. ಆಮೇಲೆ ಚೆನ್ನೈಗೆ ಹೋಗಿ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಆಯಿತು. ಎಗ್ಮೋರಿನ ಮ್ಯೂಸಿಯಮ್ಮಿನಲ್ಲಿ ತಿರುವಾಲಂಗಾಡಿನ ಕಂಚಿನ ನಟರಾಜ ಇದ್ದಾನೆ. ಫ್ರಾನ್ಸಿನ ಶಿಲ್ಪಿ ರೋದಾ ಆ ನಟರಾಜನ ಮೇಲೆ ಬರೆದ ಲೇಖನ 1921ರಲ್ಲಿ ಅಚ್ಚಾಯಿತು. ಅವನು ನೋಡಿದ್ದು ಫೋಟೊಗಳನ್ನು ಮಾತ್ರ. ನೀವು ಮೂರ್ತಿಯನ್ನೇ ಸುತ್ತಿ ಬಂದು ಅವನ ಲೇಖನ ಓದಿ. ಎಲ್ಲಿ ಸರಿ ಕಂಡಿದ್ದಾನೆ, ಎಲ್ಲಿ ತಪ್ಪಿದ್ದಾನೆ ಅಂತ ಹೇಳುವ ಹಕ್ಕು ನಿಮಗೆ ಬರುತ್ತದೆ.

ಭಾಷೆಯ ವಿಚಾರದಲ್ಲೂ ನೀವು ಬಡವರಲ್ಲ. ಕನ್ನಡ ಓದಿ, ತೆಲುಗು ಮಾತಾಡಿ, ಹೊಸೂರು ಸಂತೆಗೆ ಹೋದರೆ ತಮಿಳಿನಲ್ಲೂ ವ್ಯಾಪಾರ ಮುಗಿಸಿ ಬರುವ ಜನ ನಾವು. ಆಡುವ ತೆಲುಗಿಗೆ ಲಿಪಿಯನ್ನೂ ಸೇರಿಸಿಕೊಳ್ಳಿ. ಪಂಪನ ಭಾರತವನ್ನೂ ನನ್ನಯನ ಭಾರತವನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಭಾಗ್ಯ ಎಲ್ಲರಿಗೂ ಇಲ್ಲ. ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದಲ್ಲಿ 1956ರಿಂದ ತೌಲನಿಕ ಸಾಹಿತ್ಯಕ್ಕೇ ಪ್ರತ್ಯೇಕ ವಿಭಾಗವಿದೆ. ಜರ್ಮನ್, ಫ್ರೆಂಚ್, ಜಪಾನಿ ಬೇಕೆಂದರೆ ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ. ದೂರ ಆಗದಿದ್ದರೆ ಬೆಂಗಳೂರಲ್ಲೇ ಜ್ಞಾನಭಾರತಿಯಿದೆ, ಚಿತ್ರಕಲಾ ಪರಿಷತ್ತಿದೆ. ಎಲ್ಲೇ ಸೇರಿ, ಗೈಡು ಓದಿ ಪಾಸಾಗಬೇಡಿ. ವರ್ಷಕ್ಕೆ ನಾಲ್ಕೇ ಪುಸ್ತಕವಾದರೂ ಮೊದಲ ಪುಟದಿಂದ ಕೊನೆಯವರೆಗೆ ಓದಿ. ಮುಳಬಾಗಿಲಿನ ಡಿ.ವಿ.ಜಿ.ಗೆ ಡಿಗ್ರಿ ಇರಲಿಲ್ಲ. ಪರ್ಷಿಯಾದ ಉಮರ್ ಖಯ್ಯಾಮನನ್ನು 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ಕೊಟ್ಟವರು ಅವರೇ.

ಹೆಣ್ಣುಮಕ್ಕಳೇ, ನಿಮಗೆ ಒಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ನಿಮ್ಮ ಕೈಗೆ ಉಳಿ ಕೊಡಲಿಲ್ಲ. ಅದು ಸರಿಯಲ್ಲ. ಇಂಗ್ಲೆಂಡಿನ ಬಾರ್ಬರಾ ಹೆಪ್‌ವರ್ತ್ ತಮ್ಮ ಕೈಯಾರೆ ಕಲ್ಲು, ಮರ ಕೆತ್ತಿದವರು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಂದೆ ಅವರ ಶಿಲ್ಪ ನಿಂತಿದೆ. ಓದಿನ ಜೊತೆ ಉಳಿಯನ್ನೂ ಕೇಳಿ ತೆಗೆದುಕೊಳ್ಳಿ.

ಸಂಬಳದ ಮಾತು ಮುಚ್ಚಿಡುವುದಿಲ್ಲ. ನರಸಾಪುರದ ಕಾರ್ಖಾನೆ ಬಸ್ಸು ಹತ್ತಿದವನಿಗೆ ತಿಂಗಳಿಗೆ ಸಂಬಳ ಬರುತ್ತದೆ. ಸಾಹಿತ್ಯ ಓದಿದವರಿಗೆ ತಡವಾಗುತ್ತದೆ. ಪಾಠ ಹೇಳುವುದು, ಮ್ಯೂಸಿಯಂ, ಪುರಾತತ್ತ್ವ, ಅನುವಾದ, ಪ್ರಕಾಶನ, ಇವುಗಳಲ್ಲಿ ದಾರಿಯಿದೆ, ನಿಧಾನದ ದಾರಿ. ಅಲ್ಲಿಯವರೆಗೆ ರಜೆಯಲ್ಲಿ ಬಂದು ಪೀಠವೋ ಪ್ರಭಾವಳಿಯೋ ಕೆತ್ತಿದರೆ ಫೀಸಿಗೂ ಆಗುತ್ತದೆ, ಕೈಯೂ ಮೊಂಡಾಗುವುದಿಲ್ಲ. ಗ್ರೈಂಡರ್ ಹಿಡಿದಾಗ ಮಾತ್ರ ಮಾಸ್ಕ್ ಹಾಕಿಕೊಳ್ಳಿ, ನಿಮ್ಮಪ್ಪಂದಿರಿಗೂ ಹಾಕಿಸಿ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ.

ಮನೆಯಲ್ಲಿ ಹೇಳೋಕೆ ಇನ್ನೂ ಭಯವಿದ್ದರೆ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಬನ್ನಿ. ಸಂಜೆ ಕೆಲಸ ಮುಗಿದ ಮೇಲೆ ಬನ್ನಿ, ಮಾಸ್ತಿಯವರ ಕಥೆ ನಾನೇ ಓದಿ ಹೇಳುತ್ತೇನೆ. ಆಮೇಲೆ ಅರ್ಜಿ ತುಂಬೋಣ.